ಫ್ರ್ಯಾಕಿಂಗ್: ಬಂಡೆ ಸೀಳುವುದಕ್ಕಿಂತ ಆಮೇಲಿನದ್ದೇ ದೊಡ್ಡ ತಲೆನೋವು
ಶೇಲ್ ಗ್ಯಾಸ್ (ಶೇಲ್ ಎಂಬ ಪದರು ಪದರಾದ ಬಂಡೆಯೊಳಗೆ ಸಿಕ್ಕಿಕೊಂಡಿರುವ ನೈಸರ್ಗಿಕ ಅನಿಲ) ಅಂದ ಕೂಡಲೇ ಜಗಳ ಶುರುವಾಗುವುದು ಒಂದೇ ಪ್ರಶ್ನೆಯಿಂದ. ಆಳದಲ್ಲಿ ಬಂಡೆ ಸೀಳಿದರೆ ಮೇಲಿನ ಕುಡಿಯುವ ನೀರು ಕೆಡುತ್ತದಾ? ನನ್ನ ಪ್ರಕಾರ ಈ ಒಂದು ಪ್ರಶ್ನೆಗೆ ಬೇಕಾದ್ದಕ್ಕಿಂತ ಜಾಸ್ತಿ ಗಮನ ಸಿಕ್ಕಿದೆ. ಬಂಡೆ ಸೀಳುವ ಕೆಲಸ ಕೆಲವೇ ದಿನಗಳದ್ದು. ಹೆಚ್ಚಿನ ತೊಂದರೆ ಇರುವುದು ಅದರ ಹಿಂದೆ ಮುಂದೆ.

ಬಾವಿಯನ್ನು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ ಶೇಲ್ ಪದರದೊಳಗೇ ಮುಂದೆ ಒಯ್ಯುತ್ತಾರೆ. ಆಮೇಲೆ ನೀರು, ಮರಳು, ಒಂದಿಷ್ಟು ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ತಳ್ಳುತ್ತಾರೆ. ಬಂಡೆ ಬಿರಿಯುತ್ತದೆ, ಮರಳು ಆ ಬಿರುಕು ಮುಚ್ಚಿಕೊಳ್ಳದಂತೆ ತಡೆಯುತ್ತದೆ, ಗ್ಯಾಸ್ ಹೊರಬರುತ್ತದೆ. ಇದಕ್ಕೇ ಫ್ರ್ಯಾಕಿಂಗ್ ಅನ್ನುವುದು. ರಾಸಾಯನಿಕದ ಪಾಲು ಸಾಮಾನ್ಯವಾಗಿ ಶೇ. 2ಕ್ಕಿಂತ ಕಡಿಮೆ. ಅಷ್ಟೇನಾ ಅನ್ನಬೇಡಿ. ಒಂದೇ ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಬೇಕಾಗುವಾಗ ಶೇ. 1 ಅಂದರೂ ಲಕ್ಷಗಟ್ಟಲೆ ಲೀಟರ್ ಆಯಿತು.

ಅಮೆರಿಕದ ಕಾನೂನು ಇಲ್ಲೇ ಒಂದು ವಿಚಿತ್ರ ತಿರುವು ತೆಗೆದುಕೊಂಡಿತು. ಭೂಮಿಯೊಳಗೆ ಏನನ್ನಾದರೂ ಪಂಪ್ ಮಾಡಬೇಕಾದರೆ ಅಲ್ಲಿ 1974ರ ಕುಡಿಯುವ ನೀರಿನ ಕಾಯ್ದೆಯ ನಿಯಮ ಪಾಲಿಸಬೇಕು. 2005ರ ಇಂಧನ ಕಾಯ್ದೆ ಫ್ರ್ಯಾಕಿಂಗ್ ದ್ರವವನ್ನು ಆ ನಿಯಮದಿಂದ ಹೊರಗಿಟ್ಟಿತು. ಡೀಸೆಲ್ ಬಳಸಿದರೆ ಮಾತ್ರ ವಿನಾಯಿತಿ ಇಲ್ಲ. ಜನ ಇದನ್ನು ಹ್ಯಾಲಿಬರ್ಟನ್ ಲೂಪ್‌ಹೋಲ್ ಅಂತ ಕರೆದರು, ಏಕೆಂದರೆ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಹಿಂದೆ ಹ್ಯಾಲಿಬರ್ಟನ್ ಎಂಬ ತೈಲ-ಗ್ಯಾಸ್ ಸೇವಾ ಕಂಪನಿಯ ಮುಖ್ಯಸ್ಥರಾಗಿದ್ದವರು. ಉಳಿದದ್ದು ಬಹುಮಟ್ಟಿಗೆ ರಾಜ್ಯಗಳ ಪಾಲಿಗೆ ಬಂತು, ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು. ವ್ಯೋಮಿಂಗ್ 2010ರಲ್ಲಿ ರಾಸಾಯನಿಕಗಳ ಹೆಸರು ತಿಳಿಸಲೇಬೇಕು ಅಂದಿತು (ವ್ಯಾಪಾರದ ಗುಟ್ಟು ಅನ್ನುವ ನೆಪಕ್ಕೆ ಜಾಗ ಮಾತ್ರ ಉಳಿಯಿತು), ವರ್ಮಾಂಟ್ 2012ರಲ್ಲಿ ಫ್ರ್ಯಾಕಿಂಗನ್ನೇ ನಿಷೇಧಿಸಿತು.

ಈಗ ಒಕ್ಲಹೋಮ ನೋಡಿ. ಅಲ್ಲಿ 3ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ಮೊದಲು ವರ್ಷಕ್ಕೆ ಒಂದೋ ಎರಡೋ ಆಗುತ್ತಿತ್ತು, 2015ರಲ್ಲಿ ಸುಮಾರು 900 ಆದವು. ಬಹುಪಾಲು ಕಾರಣ ಬಂಡೆ ಸೀಳಿದ್ದಲ್ಲ. ತೈಲ, ಗ್ಯಾಸ್ ಜೊತೆ ಮೇಲೆ ಬಂದ ಉಪ್ಪುಪ್ಪು ಕೊಳಕು ನೀರನ್ನು ವಿಲೇವಾರಿಗಾಗಿ ಬೇರೆ ಬಾವಿಗಳಲ್ಲಿ ಆಳಕ್ಕೆ ಇಳಿಸಿದ್ದು. ಒತ್ತಡ ಹರಡಿ ಹಳೇ ಭೂಸ್ತರಭಂಗಗಳು (ನೆಲದಾಳದ ಬಂಡೆಯಲ್ಲಿರುವ ದೊಡ್ಡ ಬಿರುಕುಗಳು) ಜಾರಿದವು. ತಮಾಷೆ ಅಂದರೆ ಈ ವಿಲೇವಾರಿ ಬಾವಿಗಳು 1974ರ ಕಾಯ್ದೆಯ ಒಳಗೇ ಇದ್ದವು! ಆದರೆ ಆ ಕಾಯ್ದೆಯ ಚಿಂತೆ ಕುಡಿಯುವ ನೀರಿನದ್ದು, ನೆಲ ನಡುಗುವುದರದ್ದಲ್ಲ. ಕೊನೆಗೆ ರಾಜ್ಯವೇ ಇಳಿಸುವ ಪ್ರಮಾಣ ಕಡಿತ ಮಾಡಿಸಿದ ಮೇಲೆ ಕಂಪನ ಕಡಿಮೆಯಾದವು.

ನೀರಿನ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಹೇಳಿದ್ದು, ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ಧಕ್ಕೆ ಆಗಬಹುದು ಅಂತ. ಆ ಸಂದರ್ಭಗಳ ಪಟ್ಟಿ ನೋಡಿದರೆ ಮೇಲೆ ಚೆಲ್ಲಿದ ದ್ರವ, ಸರಿಯಾಗಿ ಬಿಗಿಯಾಗದ ಕೇಸಿಂಗ್ (ಬಾವಿಯೊಳಗೆ ಇಳಿಸುವ ರಕ್ಷಣಾ ಕೊಳವೆ), ಸಂಸ್ಕರಿಸದೆ ಬಿಟ್ಟ ನೀರು, ಹೀಗೆ ಮಾಮೂಲಿ ಸಂಗತಿಗಳೇ ಕಾಣುತ್ತವೆ.

ಹಾಗಾಗಿ ನನಗೆ ತುಂಬಾ ಇಷ್ಟವಾದದ್ದು ಪೆನ್ಸಿಲ್ವೇನಿಯದ 2012ರ ಒಂದು ನಿಯಮ. ಶೇಲ್ ಬಾವಿಯಿಂದ 2,500 ಅಡಿಯೊಳಗಿನ ಕುಡಿಯುವ ನೀರು, ಕೆಲಸ ಮುಗಿದ 12 ತಿಂಗಳೊಳಗೆ ಕೆಟ್ಟರೆ ಕಂಪನಿಯೇ ಹೊಣೆ ಅಂತ ಕಾನೂನು ಮೊದಲೇ ಎಣಿಸಿಬಿಡುತ್ತದೆ. ಅಲ್ಲ ಅಂತ ಸಾಬೀತು ಮಾಡುವುದು ಕಂಪನಿಯ ಪಾಡು. ಅದಕ್ಕೆ ಇರುವ ಒಂದು ಸುಲಭ ದಾರಿ, ಕೊರೆಯುವ ಮೊದಲೇ ಅಕ್ಕಪಕ್ಕದ ಬಾವಿ ನೀರನ್ನು ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳುವುದು.