ಟ್ಯೂಬ್ ಹಾಕಲು ಬಂದರಷ್ಟೇ ಸಾಲದು

ಆಪರೇಷನ್ ಥಿಯೇಟರ್‌ನಲ್ಲಿ ಒಂದು ಬೀಪ್ ಸದ್ದು ಕೇಳುತ್ತಲೇ ಇರುತ್ತದೆ. ರೋಗಿಯ ಬೆರಳಿಗೆ ಕ್ಲಿಪ್ ಹಾಕಿರುತ್ತಾರಲ್ಲ, ಆ ಪಲ್ಸ್ ಆಕ್ಸಿಮೀಟರ್‌ನದ್ದು. ರಕ್ತದಲ್ಲಿ ಆಮ್ಲಜನಕ ಇಳಿದರೆ ಬೀಪ್‌ನ ಶ್ರುತಿಯೂ ಇಳಿಯುತ್ತದೆ. ಅದಕ್ಕೇ ಅರಿವಳಿಕೆ ಡಾಕ್ಟರ್ ಆ ಕಡೆ ತಿರುಗಿ ಸಿರಿಂಜ್‌ಗೆ ಔಷಧಿ ತುಂಬಿಕೊಳ್ಳುತ್ತಿದ್ದರೂ, ಸರ್ಜನ್ ಜೊತೆ ಮಾತಾಡುತ್ತಿದ್ದರೂ, ಸದ್ದು ಒಂಚೂರು ದಪ್ಪಗಾದ ಕೂಡಲೇ ತಲೆ ಎತ್ತಿ ಮಾನಿಟರ್ ನೋಡುತ್ತಾರೆ.

ಇಂಜೆಕ್ಷನ್ ಕೊಟ್ಟು ಮಲಗಿಸಿಬಿಟ್ಟರೆ ಅವರ ಕೆಲಸ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಮುಗಿಯುವುದಿಲ್ಲ. ರೋಗಿ ಏಳುವವರೆಗೂ ಉಸಿರು, ನಾಡಿ, ಬಿಪಿ ಎಲ್ಲ ಅವರ ಮೇಲೇ. ಅಲ್ಲಿ ಕೈಚಳಕ ಎಷ್ಟಿದ್ದರೂ ಸಾಲದ ಗಳಿಗೆ ಬರುತ್ತದೆ.

2005ರಲ್ಲಿ ಇಂಗ್ಲೆಂಡಿನಲ್ಲಿ 37 ವರ್ಷದ ಹೆಂಗಸೊಬ್ಬರು ಸೈನಸ್ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಮಾಸ್ಕ್ ಕೂರಲಿಲ್ಲ, ಉಸಿರಾಡಿಸುವ ಟ್ಯೂಬ್ ಗಂಟಲಿಗೆ ಇಳಿಯಲಿಲ್ಲ, ಆಮ್ಲಜನಕ ಶೇಕಡಾ 40ಕ್ಕೆ ಕುಸಿಯಿತು. ಅಲ್ಲಿದ್ದ ಮೂವರು ಡಾಕ್ಟರುಗಳೂ ಪಳಗಿದವರೇ. ಆದರೆ ಮೂವರೂ ಇನ್ನೊಂದು ಸಲ, ಇನ್ನೊಂದು ಸಲ ಅಂತ ಟ್ಯೂಬ್ ಹಾಕುವುದರಲ್ಲೇ ಮುಳುಗಿಹೋದರು, ನಿಮಿಷಗಳು ಉರುಳಿದ್ದೇ ಗೊತ್ತಾಗಲಿಲ್ಲ. ಒಬ್ಬ ನರ್ಸ್, ಕತ್ತಿನಲ್ಲಿ ತೂತು ಮಾಡಿ ಉಸಿರಾಡಿಸುವ ಸೆಟ್ ತಂದು, ಇಲ್ಲಿದೆ ಅಂತ ಹೇಳಿಯೂ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬ ನರ್ಸ್ ಐಸಿಯುನಲ್ಲಿ ಬೆಡ್ ಇದೆಯಾ ಅಂತ ವಿಚಾರಿಸಿ ಬಂದವರು, ಡಾಕ್ಟರುಗಳ ಮುಖ ನೋಡಿ, ನಾನೇ ಅತಿ ಮಾಡಿದೆನೇನೋ ಅನ್ನಿಸಿ, ಬೆಡ್ ಬೇಡ ಅಂತ ತಿಳಿಸಿಬಿಟ್ಟರು. 13 ದಿನಗಳ ನಂತರ ಆಕೆ ತೀರಿಕೊಂಡರು.

ಗಾಬರಿಯಲ್ಲಿ ಗಮನ ಒಂದೇ ಕಡೆ ಕಚ್ಚಿಕೊಂಡುಬಿಡುತ್ತದೆ, ಅನುಭವಿಗಳೂ ಇದಕ್ಕೆ ಹೊರತಲ್ಲ. ಆಗ ಬೇಕಾದದ್ದು ಎರಡು ಹೆಜ್ಜೆ ಹಿಂದೆ ನಿಂತು ಇಡೀ ಕೋಣೆ ನೋಡುವ ಒಬ್ಬರು, ಮತ್ತೆ ಅವರ ಮಾತು ಕೇಳುವ ಅಭ್ಯಾಸ. ಎರಡನೆಯದೇ ಕಷ್ಟ, ಅಲ್ವಾ?

ವಿಚಿತ್ರ ಅಂದರೆ, ಇದನ್ನೆಲ್ಲ ಆ ಹೊತ್ತಿಗಾಗಲೇ ಬರೆದಿಟ್ಟಾಗಿತ್ತು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರೂ ಅರಿವಳಿಕೆ ತಜ್ಞರೂ ಸೇರಿ ಅರಿವಳಿಕೆ ಡಾಕ್ಟರಿಗೆ ಕೈಚಳಕದ ಜೊತೆ ಇನ್ನೇನೇನು ಬರಬೇಕು ಅನ್ನುವ ಪಟ್ಟಿಯೊಂದನ್ನು 'ಆಂಟ್ಸ್' ಹೆಸರಿನಲ್ಲಿ ಮಾಡಿ 2003ರಲ್ಲೇ ಪ್ರಕಟಿಸಿದ್ದರು. ಕೆಲಸ ಹೊಂದಿಸಿಕೊಳ್ಳುವುದು, ತಂಡದ ಜೊತೆ ಬೆರೆಯುವುದು, ಸುತ್ತ ನಡೆಯುತ್ತಿರುವುದರ ಅರಿವು, ನಿರ್ಧಾರ ಮಾಡುವುದು: ಈ ನಾಲ್ಕು ಗುಂಪುಗಳಲ್ಲಿ ಒಟ್ಟು 15 ಅಂಶಗಳು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ರೂಢಿಗೆ ತರುವಾಗ ಗೊತ್ತಾಗುವುದು. ಉದಾಹರಣೆಗೆ, "ಯಾರಾದ್ರೂ ಅಡ್ರಿನಲಿನ್ ತನ್ನಿ" ಅಂತ ಗಾಳಿಗೆ ಹೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ತರುತ್ತಾರೆ ಅಂದುಕೊಳ್ಳುತ್ತಾರೆ. ಹೆಸರು ಹಿಡಿದು, ಎಷ್ಟು ಬೇಕು ಅಂತ ಹೇಳಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಕೊಟ್ಟ ಮೇಲೆ "ಕೊಟ್ಟಾಯ್ತು" ಅನ್ನಬೇಕು. ಇದನ್ನು ಸಿಮ್ಯುಲೇಟರ್ ಗೊಂಬೆಯ ಮೇಲೆ ನಾಟಕದ ಹಾಗೆ ಮತ್ತೆ ಮತ್ತೆ ಆಡಿಸಿ, ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ.

ವಿಮಾನದವರಿಗೆ ಇದು ಹಳೆಯ ಪಾಠ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತಿದ್ದರು. ಅದರಲ್ಲಿ ಒಂದು ವಿಮಾನದ ಕಾಕ್‌ಪಿಟ್‌ನಲ್ಲಿ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂದು ಕೇಳಿದ್ದರು, ಕ್ಯಾಪ್ಟನ್ ತಳ್ಳಿಹಾಕಿದ್ದರು. ಆಮೇಲೆ ಕಿರಿಯರ ಮಾತಿಗೂ ಬೆಲೆ ಕೊಡುವ ತರಬೇತಿ ಶುರುವಾಯಿತು.

ಇಂಗ್ಲೆಂಡಿನ ಆ ಹೆಂಗಸಿನ ಗಂಡ ಮಾರ್ಟಿನ್ ಬ್ರೊಮಿಲಿ ಕೂಡ ಪೈಲಟ್ಟೇ. ಅಪಘಾತವಾದರೆ ತನಿಖೆ ಆಗುತ್ತದೆ ಅಂತ ಅವರಿಗೆ ಗೊತ್ತಿತ್ತು, ಆಸ್ಪತ್ರೆಯಲ್ಲೂ ಅದನ್ನೇ ಕೇಳಿದರು. ಯಾರನ್ನೂ ಜೈಲಿಗೆ ಹಾಕಿಸಲು ಹೋಗಲಿಲ್ಲ. 2007ರಲ್ಲಿ ಇದೇ ವಿಷಯಕ್ಕಾಗಿ ಒಂದು ಸಂಘಟನೆ ಕಟ್ಟಿದರು. ಅವತ್ತು ಥಿಯೇಟರ್‌ನಲ್ಲಿದ್ದವರಲ್ಲಿ ಹೆಚ್ಚಿನವರು ಮತ್ತೆ ಕೆಲಸಕ್ಕೆ ಹೋದರು. ಮಾರ್ಟಿನ್ ಬಯಸಿದ್ದೂ ಅದನ್ನೇ.