ಕುರ್ಚಿಯಲ್ಲಿ ಕೂತವರ ಗುಟ್ಟಿನ ಮೂಢನಂಬಿಕೆ

ನನ್ನ ಪರಿಚಯದ ಗಣಿತ ಶಿಕ್ಷಕಿಯೊಬ್ಬರು 22 ವರ್ಷ ಪಾಠ ಮಾಡಿದ ಮೇಲೆ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದರು. ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಹಿಂದಿನ ರಾತ್ರಿ ಅವರು ಎರಡು ಪುಟದ ಮಾತನ್ನು ಆರು ಸಲ ತಿದ್ದಿ ಬರೆದು, ಬೆಳಗಿನ ಜಾವದವರೆಗೂ ಬಾಯಿಪಾಠ ಮಾಡಿದರು. ಸಭೆ ಇಪ್ಪತ್ತು ನಿಮಿಷದಲ್ಲಿ ಸುಸೂತ್ರವಾಗಿ ಮುಗಿಯಿತು, ಪೋಷಕರು ಮೆಚ್ಚಿದರು. ಮಾರನೆಯ ದಿನ ನಾನು ಅಭಿನಂದನೆ ಹೇಳಿದಾಗ ಅವರು, "ರಾತ್ರಿಯೆಲ್ಲ ಕೂತು ಬರ್ಕೊಂಡಿದ್ದೆ ಸರ್, ಇಲ್ಲದಿದ್ರೆ ನನ್ನ ಬಂಡವಾಳ ಅಲ್ಲೇ ಬಯಲಾಗ್ತಿತ್ತು" ಎಂದರು. ಈ ಒಂದೇ ವಾಕ್ಯದಲ್ಲಿ ಇಂಪೋಸ್ಟರ್ ಸಿಂಡ್ರೋಮ್, ಅಂದರೆ ಯೋಗ್ಯತೆ ಇದ್ದೂ ತಾನು ನಕಲಿ ಎಂಬ ಅಳುಕು, ಅದರ ಇಡೀ ಯಂತ್ರ ಅಡಗಿದೆ.

ಈ ಯಂತ್ರವನ್ನು ಮೊದಲು ಬಿಚ್ಚಿ ತೋರಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್. ಓದಿನಲ್ಲೂ ವೃತ್ತಿಯಲ್ಲೂ ಮುಂದಿದ್ದ 150ಕ್ಕೂ ಹೆಚ್ಚು ಮಹಿಳೆಯರ ಜೊತೆ ನಡೆಸಿದ ಮಾತುಕತೆಯನ್ನು ಆಧರಿಸಿ ಅವರು 1978ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಪದವಿ, ಪ್ರಶಸ್ತಿ, ಹುದ್ದೆಗಳೆಲ್ಲ ಕಣ್ಣೆದುರೇ ಇದ್ದರೂ ಆ ಮಹಿಳೆಯರು ತಾವು ಎಲ್ಲರನ್ನೂ ಯಾಮಾರಿಸಿ ಅಲ್ಲಿಗೆ ಬಂದಿದ್ದೇವೆ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇವೆ ಎಂದು ನಂಬಿದ್ದರು. ಕ್ಲಾನ್ಸ್ ಮತ್ತು ಐಮ್ಸ್ ಇದನ್ನು ಕರೆದದ್ದು ವಿದ್ಯಮಾನವೆಂದು. 'ಸಿಂಡ್ರೋಮ್' ಎಂಬ ರೋಗದ ಲೇಬಲ್ಲು ಆಮೇಲೆ ಅಂಟಿದ್ದು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಾಗಲಿ ಇಂಥದ್ದೊಂದು ಕಾಯಿಲೆ ಇಲ್ಲ. ಇದು ಹೆಂಗಸರಿಗಷ್ಟೇ ಸೇರಿದ್ದೂ ಅಲ್ಲ, ಮುಂದಿನ ಅಧ್ಯಯನಗಳಲ್ಲಿ ಗಂಡಸರಲ್ಲೂ ಧಾರಾಳವಾಗಿ ಕಂಡುಬಂದಿದೆ. 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 62 ಅಧ್ಯಯನಗಳನ್ನು, ಒಟ್ಟು 14,161 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಇದರ ಪ್ರಮಾಣ ಒಂದು ಕಡೆ ಶೇ 9, ಇನ್ನೊಂದು ಕಡೆ ಶೇ 82 ಎಂದು ಬಂತು. ಅಳೆಯುವ ಕೋಲು ಬದಲಾದಂತೆ ಉತ್ತರವೂ ಇಷ್ಟು ಬದಲಾಗುವ ಸಂಗತಿಯನ್ನು 'ನಿಮಗೆ ಇದೆ, ನಿಮಗೆ ಇಲ್ಲ' ಎಂದು ಜ್ವರ ನೋಡಿದ ಹಾಗೆ ಹೇಳಲಾಗದು.

ನನ್ನ ಮಟ್ಟಿಗೆ ಇದು ರೋಗಕ್ಕಿಂತ ಮೂಢನಂಬಿಕೆಗೆ ಹತ್ತಿರದ್ದು. ಯಾಕೆಂದು ತಿಳಿಯಲು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪಾರಿವಾಳಗಳ ಹತ್ತಿರ ಹೋಗಬೇಕು. 1948ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ನಿಗದಿತ ಅವಧಿಗೊಮ್ಮೆ ಕಾಳು ಸಿಗುತ್ತಿತ್ತು. ಎಂಟರಲ್ಲಿ ಆರು ಹಕ್ಕಿಗಳು ತಮ್ಮದೇ ಒಂದೊಂದು ವ್ರತ ಹಿಡಿದವು. ಒಂದು ಗಿರಗಿರನೆ ಸುತ್ತತೊಡಗಿತು, ಇನ್ನೊಂದು ಪಂಜರದ ಮೇಲಿನ ಮೂಲೆಗೆ ಮತ್ತೆ ಮತ್ತೆ ತಲೆ ಚಾಚತೊಡಗಿತು. ಕಾಳು ಬೀಳುವ ಹೊತ್ತಿಗೆ ತಾನು ಮಾಡುತ್ತಿದ್ದುದೇ ಕಾಳಿಗೆ ಕಾರಣವೆಂದು ಹಕ್ಕಿ ಕಲಿತುಬಿಟ್ಟಿದೆ ಎಂಬುದು ಸ್ಕಿನ್ನರ್ ವಿವರಣೆ. ಆ ವಿವರಣೆಗೆ ಆಮೇಲೆ ತಕರಾರು ಎದ್ದದ್ದುಂಟು, ಆದರೆ ನಮಗಿಲ್ಲಿ ಬೇಕಾದದ್ದು ಬೇರೆಯದು: ಸುತ್ತುವುದನ್ನು ಬಿಟ್ಟು ಸುಮ್ಮನೆ ನಿಂತು ನೋಡದ ಹಕ್ಕಿಗೆ, ಸುತ್ತದಿದ್ದರೂ ಕಾಳು ಬೀಳುತ್ತದೆಂದು ತಿಳಿಯುವ ದಾರಿಯೇ ಇಲ್ಲ.

ಮುಖ್ಯೋಪಾಧ್ಯಾಯಿನಿಯವರ ಆರು ತಿದ್ದುಪಡಿಗಳು ಅಂಥದೇ ಸುತ್ತು. ಪ್ರತಿ ಗೆಲುವಿನ ಶ್ರೇಯಸ್ಸೂ ನಿದ್ದೆಗೆಟ್ಟ ರಾತ್ರಿಗೆ ಹೋಗುತ್ತದೆ, ಅವರ 22 ವರ್ಷಗಳ ಅನುಭವದ ಖಾತೆಗೆ ಒಂದು ಪೈಸೆಯೂ ಜಮೆಯಾಗುವುದಿಲ್ಲ. ಹಾಗಾಗಿಯೇ ಗೆದ್ದಷ್ಟೂ ಅಳುಕು ಕರಗುವ ಬದಲು ಗಟ್ಟಿಯಾಗುತ್ತದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯೂ ನಮ್ಮಲ್ಲಿ ಹೀಗೆಯೇ ಬದುಕಿತ್ತು: ಹೋಗದೆ ಉಳಿದವರು ಅದನ್ನು ಪರೀಕ್ಷೆಗೆ ಒಡ್ಡಲೇ ಇಲ್ಲ. ಸಿದ್ದರಾಮಯ್ಯನವರು ಆ ಊರಿಗೆ ಹಲವು ಸಲ ಹೋಗಿಬಂದು 2013ರಿಂದ 2018ರವರೆಗೆ ಅವಧಿ ಪೂರೈಸಿದ್ದು, ರಾಜಕೀಯದ ಮಾತು ಹಾಗಿರಲಿ, ಒಂದು ಒಳ್ಳೆಯ ಪ್ರಯೋಗವಂತೂ ಹೌದು.

ಇದೇ ಶಿಕ್ಷಕಿಗೆ ತರಗತಿಯಲ್ಲಿ ಈ ಅಳುಕು ಒಂದು ದಿನವೂ ಕಾಡಿರಲಿಲ್ಲ. ಮನುಷ್ಯಳು ಅದೇ, ಬುದ್ಧಿ ಅದೇ, ಬದಲಾದದ್ದು ಕುರ್ಚಿ ಮಾತ್ರ. ಆದ್ದರಿಂದ ಇದನ್ನು ಬರೀ ಸ್ವಭಾವದ ದೌರ್ಬಲ್ಯವೆಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿಗೊಡುವುದನ್ನು ನೆನಪಿಸಿಕೊಳ್ಳಿ. ನೀರು ಐದು ಮೀಟರ್ ಆಳದಲ್ಲಿದ್ದರೆ ಒಂದು ಸೆಕೆಂಡಿಗೆ, ಇಪ್ಪತ್ತು ಮೀಟರ್ ಆಳದಲ್ಲಿದ್ದರೆ ಎರಡು ಸೆಕೆಂಡಿಗೆ 'ಗುಳುಂ' ಎನ್ನುತ್ತದೆ. ತರಗತಿ ಐದು ಮೀಟರಿನ ಬಾವಿ: ವರ್ಗಸಮೀಕರಣ ಮಕ್ಕಳಿಗೆ ಹತ್ತಿತೋ ಇಲ್ಲವೋ ಎಂಬುದು ಗಂಟೆ ಹೊಡೆಯುವುದರೊಳಗೆ ಗೊತ್ತಾಗುತ್ತದೆ. ಮುಖ್ಯಸ್ಥರ ನಿರ್ಧಾರದ ಕಲ್ಲು ಯಾವಾಗ ನೀರು ಮುಟ್ಟಿತೆಂದು ತಿಳಿಯಲು ವರ್ಷಗಳೇ ಬೇಕು, ಅಷ್ಟರಲ್ಲಿ ಇನ್ನೂ ಹತ್ತು ಜನ ಅದೇ ಬಾವಿಗೆ ಕಲ್ಲು ಹಾಕಿರುತ್ತಾರೆ. ಜೊತೆಗೆ ಬಾವಿಯ ಕಟ್ಟೆಯ ಮೇಲೆ ನಿಂತವರೆಲ್ಲ "ಸದ್ದು ಚೆನ್ನಾಗಿ ಬಂತು ಮೇಡಂ" ಎನ್ನುತ್ತಾರೆ. ಕೈಕೆಳಗಿನವರು ಹೊಗಳುವುದು ಹುದ್ದೆಯನ್ನೋ ಕೆಲಸವನ್ನೋ ಎಂದು ಬೇರ್ಪಡಿಸಲು ಆಗದ ಕಾರಣ ಹೊಗಳಿಕೆಗೆ ತೂಕವೇ ಉಳಿಯುವುದಿಲ್ಲ. ಎಲ್ಲ ತೂಕದ ಬಟ್ಟುಗಳೂ ಅನುಮಾನಾಸ್ಪದವಾದ ಅಂಗಡಿಯಲ್ಲಿ ತಕ್ಕಡಿ ಇದ್ದೂ ಏನು ಪ್ರಯೋಜನ?

ಹೋಲಿಕೆಗಳು ಹೆಚ್ಚಾದವೆಂದು ಗೊತ್ತು, ಆದರೂ ಯಕ್ಷಗಾನದ ಚೌಕಿಯನ್ನು ಬಿಡಲಾರೆ. ಚೌಕಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಬಣ್ಣ ಹಚ್ಚಿಕೊಳ್ಳುತ್ತಾರೆ, ಆದ್ದರಿಂದ ಎದುರು ವೇಷದವನ ಕಿರೀಟವನ್ನೂ ಹಗ್ಗದಲ್ಲೇ ಬಿಗಿದು ಕಟ್ಟಿದ್ದೆಂದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಚೌಕಿ ಇದ್ದಿದ್ದರೆ ಪ್ರತಿಯೊಬ್ಬನೂ ತಾನೊಬ್ಬನೇ ವೇಷ, ಉಳಿದವರೆಲ್ಲ ನಿಜವಾದ ಕರ್ಣಾರ್ಜುನರು ಎಂದು ನಂಬುತ್ತಿದ್ದ. ಮುಖ್ಯಸ್ಥರ ಕೋಣೆ ಅಂಥ ಒಂಟಿ ಚೌಕಿ. ತನ್ನ ತಡವರಿಕೆಗಳು ಒಳಗಿನಿಂದ ಕಾಣುತ್ತವೆ, ಬೇರೆ ಶಾಲೆಯ ಮುಖ್ಯಸ್ಥರು ಮಾತ್ರ ರಂಗಸ್ಥಳದಲ್ಲೇ ಕಾಣುತ್ತಾರೆ.

ಅಳುಕು ಆ ಒಬ್ಬರ ನಿದ್ದೆಯನ್ನಷ್ಟೇ ಕೆಡಿಸಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಸಿಕ್ಕಿಬೀಳುವ ಭಯವಿರುವ ಮುಖ್ಯಸ್ಥರು 'ಇದು ನನಗೆ ಗೊತ್ತಿಲ್ಲ' ಎನ್ನುವುದಿಲ್ಲ, ಹಾಗಾಗಿ ಗೊತ್ತಿರುವವರನ್ನು ಕೇಳುವುದೂ ಇಲ್ಲ. ಅಕ್ಷರ ದಾಸೋಹದ ಅಕ್ಕಿ ಲೆಕ್ಕದಿಂದ ಹಿಡಿದು ಸುತ್ತೋಲೆಯ ಕಾಗುಣಿತದವರೆಗೆ ಎಲ್ಲವನ್ನೂ ತಾವೇ ನೋಡುತ್ತಾರೆ. ಆರು ತಿಂಗಳಲ್ಲಿ 'ಮೇಡಂ ನೋಡದೆ ಯಾವುದೂ ಹೋಗಬಾರದು' ಎಂಬುದು ಶಾಲೆಯ ಕಾನೂನಾಗುತ್ತದೆ. ಒಬ್ಬರ ಗುಟ್ಟಿನ ವ್ರತವನ್ನು ಹದಿನಾಲ್ಕು ಜನ ಆಚರಿಸತೊಡಗುತ್ತಾರೆ.

ಇದನ್ನು ವಿನಯವೆಂದು ಹೊಗಳುವವರೂ ಇದ್ದಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ "ಎನಗಿಂತ ಕಿರಿಯರಿಲ್ಲ" ಎಂದದ್ದು ಶರಣರೆಲ್ಲರ ಕಿವಿಗೆ ಬೀಳುವಂತೆ. ವಿನಯ ಬಹಿರಂಗವಾಗಿ ಹೇಳುವ ಮಾತು, ಇಂಪೋಸ್ಟರ್ ಅಳುಕು ಯಾರಿಗೂ ತಿಳಿಯಬಾರದೆಂದು ಕಾಪಾಡುವ ಗುಟ್ಟು. ಹಾಗೆಂದು ಆ ಅಳುಕು ಬರೀ ಕೇಡು ಎನ್ನುವಂತೆಯೂ ಇಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಸೀಮಾ ತೌಫೀಕ್ 2022ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂಥ ಯೋಚನೆಗಳು ಹೆಚ್ಚಾಗಿದ್ದ ತರಬೇತಿ ವೈದ್ಯರು ರೋಗಿಗಳ ಜೊತೆ ಹೆಚ್ಚು ಗಮನವಿಟ್ಟು ವರ್ತಿಸಿದ್ದು ಕಂಡಿತು. ರೋಗ ಪತ್ತೆಹಚ್ಚುವುದರಲ್ಲಿ ಅವರೇನೂ ಹಿಂದೆ ಬಿದ್ದಿರಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ನಾನು ಹೇಳಿದ್ದು ಧೈರ್ಯದ ಮಾತಲ್ಲ, ಒಂದು ಪ್ರಯೋಗ: ಒಂದು ವಾರ ದಾಸೋಹದ ಪುಸ್ತಕ ಮುಟ್ಟಬೇಡಿ, ಮುಂದಿನ ಸಭೆಗೆ ಬರೀ ಐದು ಸಾಲಿನ ಚೀಟಿ ಒಯ್ಯಿರಿ, ಮುಗಿದ ಮೇಲೆ 'ಹೇಗಿತ್ತು' ಎನ್ನದೆ 'ಯಾವುದು ಅರ್ಥವಾಗಲಿಲ್ಲ' ಎಂದು ಕೇಳಿ. ಸಭೆಯಲ್ಲಿ ಒಬ್ಬ ತಂದೆ ಎದ್ದು, ಸೈಕಲ್ ನಿಲ್ಲಿಸುವ ಜಾಗದ ವಿಷಯ ತಮಗೆ ತಿಳಿಯಲಿಲ್ಲ ಎಂದರಂತೆ, ಇವರು ಇನ್ನೊಮ್ಮೆ ವಿವರಿಸಿದರಂತೆ. ದಾಸೋಹದ ಪುಸ್ತಕದಲ್ಲಿ ಗುರುವಾರ ಊಟಕ್ಕೆ ಕೂತ ಮಕ್ಕಳ ಲೆಕ್ಕ ಮೂರು ತಪ್ಪಿತ್ತು. ಶುಕ್ರವಾರ ಬೆಳಿಗ್ಗೆ ಸಹಶಿಕ್ಷಕರೇ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಪುಟ್ಟದಾಗಿ ಸಹಿ ಹಾಕಿದ್ದರು.