ಟಿಪ್ಸ್ ಎಷ್ಟು ಕೊಡಬೇಕು? ಲೆಕ್ಕ ಇರುವುದು ಸಪ್ಲೈಯರ್ ಸಂಬಳದಲ್ಲಿ

ಮಗನ ಮನೆಗೆಂದು ಮೊದಲ ಸಲ ಅಮೆರಿಕಕ್ಕೆ ಹೋದ ಮಂಗಳೂರು, ಉಡುಪಿ ಕಡೆಯ ಅಪ್ಪ ಅಮ್ಮಂದಿರು ಬೆಚ್ಚಿಬೀಳುವುದು ಅಲ್ಲಿನ ಹೋಟೆಲ್ ಬಿಲ್ಲು ನೋಡಿ. ಊಟ ಮುಗಿದ ಮೇಲೆ ಕಾರ್ಡ್ ತೆಗೆದುಕೊಂಡು ಹೋದ ಹುಡುಗಿ ಎರಡು ಚೀಟಿ, ಒಂದು ಪೆನ್ನು ತಂದಿಡುತ್ತಾಳೆ. ಚೀಟಿಯಲ್ಲಿ ಊಟದ ಮೊತ್ತದ ಕೆಳಗೆ ಟಿಪ್ಸ್‌ಗೆಂದು ಒಂದು ಖಾಲಿ ಗೆರೆ, ಅದರ ಕೆಳಗೆ ಒಟ್ಟು ಮೊತ್ತಕ್ಕೆ ಇನ್ನೊಂದು. ಶೇ. 18, 20, 22 ಕೊಟ್ಟರೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನೂ ಎಷ್ಟೋ ಕಡೆ ಅವರೇ ಮುದ್ರಿಸಿರುತ್ತಾರೆ. 60 ಡಾಲರ್ ಊಟಕ್ಕೆ ಮಗ 12 ಡಾಲರ್ ಬರೆದು ಸಹಿ ಹಾಕುತ್ತಾನೆ. "ಎಂತ ಮಾರಾಯ, ಟಿಪ್ಸೇ ಸಾವಿರ ರೂಪಾಯಿ ದಾಟಿತಲ್ಲ!" ಎಂದರೆ, "ಇಲ್ಲಿ ಹಾಗೇ ಅಪ್ಪ" ಎಂಬಷ್ಟೇ ಉತ್ತರ ಸಿಗುತ್ತದೆ.

ಹಾಗೇ ಯಾಕೆ ಎಂಬುದಕ್ಕೆ ದೊಡ್ಡ ಚರಿತ್ರೆಯೇ ಇದೆ. ಅದು ಗೊತ್ತಾದರೆ ಯಾವ ದೇಶದಲ್ಲಿ ಎಷ್ಟು ಕೊಡಬೇಕೆಂದು ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಬಡಿಸುವವನ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿಕೊಂಡರೆ ಸಾಕು.

ಟಿಪ್ಸ್ ಮೂಲದಲ್ಲಿ ಅಮೆರಿಕದ್ದಲ್ಲ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಅತಿಥಿಗಳು ಹೊರಡುವಾಗ ಆಳುಗಳು ಸಾಲಾಗಿ ನಿಂತು ಕೈಯೊಡ್ಡುವ ಪದ್ಧತಿ ಇತ್ತು. 1760ರ ದಶಕದ ಹೊತ್ತಿಗೆ ಅದು ಎಷ್ಟು ಅತಿಯಾಯಿತೆಂದರೆ, ಅದನ್ನು ನಿಲ್ಲಿಸಬೇಕೆಂದು ಧನಿಕರೇ ಒಟ್ಟಾಗಿ ಪ್ರಯತ್ನಿಸಿದರು. ಶತಮಾನದ ನಂತರ, ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, ಯುರೋಪ್ ಸುತ್ತಿ ಬಂದ ಶ್ರೀಮಂತ ಅಮೆರಿಕನ್ನರು ಈ ರೂಢಿಯನ್ನು ಊರಿಗೆ ತಂದರು. ಆಗ ಅಲ್ಲಿನವರು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಕೈಯೊಡ್ಡುವುದು ಪ್ರಜಾಪ್ರಭುತ್ವಕ್ಕೆ ಹೇಳಿಸಿದ್ದಲ್ಲ ಎಂಬ ವಾದ ಬಲವಾಗಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ಕಾನೂನಿನ ಮೂಲಕ ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. 1926ರೊಳಗೆ ಈ ಕಾನೂನುಗಳೆಲ್ಲ ರದ್ದಾದವು.

ಟಿಪ್ಸ್ ಅಷ್ಟು ಗಟ್ಟಿಯಾಗಿ ಬೇರೂರಿದ್ದರ ಹಿಂದೆ ಬಹಳ ನೋವಿನ ಕಥೆ ಇದೆ. 1867ರಲ್ಲಿ ಶುರುವಾದ ಪುಲ್‌ಮನ್ ಕಂಪನಿ ರೈಲಿನಲ್ಲಿ ಮಲಗುವ ಐಷಾರಾಮಿ ಬೋಗಿಗಳನ್ನು ಓಡಿಸುತ್ತಿತ್ತು. ಹಾಸಿಗೆ ಹಾಸಲು, ಸಾಮಾನು ಹೊರಲು, ಶೂ ಒರೆಸಲು ಅದು ನೇಮಿಸಿಕೊಂಡದ್ದು ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರನ್ನು. ಸಂಬಳ ಅತ್ಯಲ್ಪ, ಉಳಿದದ್ದನ್ನು ಪ್ರಯಾಣಿಕರ ಕೈಯಿಂದ ಗಳಿಸಿಕೊಳ್ಳಬೇಕು. ಗುಲಾಮಗಿರಿಯ ವಿರುದ್ಧ ಹೋರಾಡಿದ ಅಬ್ರಹಾಂ ಲಿಂಕನ್ನರ ಮಗ ರಾಬರ್ಟ್ ಲಿಂಕನ್ 1897ರಿಂದ 1911ರವರೆಗೆ ಆ ಕಂಪನಿಯ ಅಧ್ಯಕ್ಷರಾಗಿದ್ದರು ಎಂಬುದನ್ನು ಓದಿದಾಗ ಮನಸ್ಸು ಕಲಕುತ್ತದೆ. ಪೋರ್ಟರ್ ಎಂದು ಕರೆಯುತ್ತಿದ್ದ ಈ ನೌಕರರು 1925ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು.

ಹೋಟೆಲ್ ನೌಕರರಿಗೆ ಆ ಭಾಗ್ಯ ಬರಲಿಲ್ಲ. 1938ರ ಕನಿಷ್ಠ ವೇತನ ಕಾನೂನು ಅವರನ್ನು ಹೊರಗಿಟ್ಟಿತು. 1966ರಲ್ಲಿ ಒಳಗೆ ಸೇರಿಸಿಕೊಂಡಿತಾದರೂ, ವೇತನದ ಒಂದು ಭಾಗವನ್ನು ಟಿಪ್ಸಿನಿಂದಲೇ ಸರಿದೂಗಿಸಬಹುದು ಎಂದು ಮಾಲೀಕರಿಗೆ ಅವಕಾಶ ಕೊಟ್ಟಿತು. ಅದರ ಫಲವೇ ಇವತ್ತಿನ ಲೆಕ್ಕ. ಟಿಪ್ಸ್ ಸಿಗುವ ನೌಕರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಫೆಡರಲ್ ಕನಿಷ್ಠ ವೇತನ ಗಂಟೆಗೆ 2.13 ಡಾಲರ್, 1991ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿದರೂ ಸಾಮಾನ್ಯ ಕನಿಷ್ಠ ವೇತನವಾದ 7.25 ಡಾಲರ್ ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕೆಂಬ ನಿಯಮವೇನೋ ಇದೆ. ಆದರೂ ಈ 2.13 ಡಾಲರ್ ಲೆಕ್ಕವೇ ನಡೆಯುವ ಟೆಕ್ಸಾಸಿನಂಥ ರಾಜ್ಯದಲ್ಲಿ ಟಿಪ್ಸ್ ಕೊಡದೆ ಎದ್ದು ಬಂದರೆ ತಪ್ಪಿಸಿದ್ದು ಆ ಹುಡುಗಿಯ ಕೂಲಿಯನ್ನು. ಕ್ಯಾಲಿಫೋರ್ನಿಯಾ ಸೇರಿ ಏಳು ರಾಜ್ಯಗಳಲ್ಲಿ ಈ ಕಡಿತ ಇಲ್ಲ, ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು. ಆದರೂ ಅಲ್ಲಿಯೂ ಶೇ. 20 ನಿರೀಕ್ಷೆ ಹಾಗೆಯೇ ಉಳಿದಿದೆ. ಕಾನೂನು ಬದಲಾದಷ್ಟು ಬೇಗ ರೂಢಿ ಬದಲಾಗುವುದಿಲ್ಲ.

ಯುರೋಪಿನಲ್ಲಿ ಕಥೆ ಬೇರೆ ತಿರುವು ಪಡೆಯಿತು. ಫ್ರಾನ್ಸಿನಲ್ಲಿ ಸೇವೆಯ ಶುಲ್ಕ ಮೆನುವಿನ ಬೆಲೆಯಲ್ಲೇ ಸೇರಿರಬೇಕೆಂಬುದು ಕಾನೂನು. ಖುಷಿಯಾದರೆ ಒಂದೆರಡು ಯೂರೋ ಬಿಟ್ಟು ಬಂದರಾಯಿತು. ಜರ್ಮನಿಯಲ್ಲಿ ಶೇ. 5ರಿಂದ 10 ಸೇರಿಸಿ ಕೊಡುವುದುಂಟು, ಆದರೆ ಮೇಜಿನ ಮೇಲಿಟ್ಟು ಬರುವುದಿಲ್ಲ: ಬಿಲ್ಲು 27 ಯೂರೋ ಇದ್ದರೆ "ಮೂವತ್ತು" ಎಂದು ಹೇಳಿಯೇ ಹಣ ಕೊಡುತ್ತಾರೆ. ಜಪಾನಿನಲ್ಲಿ ಟಿಪ್ಸ್ ಇಲ್ಲವೇ ಇಲ್ಲ ಎನ್ನಬಹುದು. ಇಟ್ಟರೆ ಮರೆತು ಹೋದಿರೆಂದು ವಾಪಸ್ ತಂದು ಕೊಟ್ಟಾರು. ಸಿಂಗಾಪುರದಲ್ಲಿ ರೆಸ್ಟೋರೆಂಟ್ ಬಿಲ್ಲಿಗೆ ಶೇ. 10 ಸೇವಾ ಶುಲ್ಕ ಹಾಕಿರುತ್ತಾರೆ, ಮೇಲೆ ಏನೂ ಬೇಡ.

ನಮ್ಮವರು ಹೆಚ್ಚಾಗಿರುವುದು ಗಲ್ಫಿನಲ್ಲಿ. ದುಬೈಯ ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ಸೇವಾ ಶುಲ್ಕ ಮೊದಲೇ ಕೂಡಿರುತ್ತದೆ. ಆದರೆ ಅಲ್ಲಿನ ಕರಾಮ ಬಡಾವಣೆಯ ಸಣ್ಣ ಹೋಟೆಲಿನಲ್ಲಿ ಊಟ ಬಡಿಸುವವನು ಬೈಂದೂರಿನವನೋ ಕಾಸರಗೋಡಿನವನೋ ಆಗಿರಬಹುದು, ಮನೆಗೆ ಹಣ ಕಳಿಸಲೆಂದೇ ಅಲ್ಲಿರುವವನು. ಅಲ್ಲಿ ಐದು ಹತ್ತು ದಿರ್ಹಮ್ ಕೈಗೆ ಕೊಟ್ಟು ಬರುವುದನ್ನು ಮರೆಯಬಾರದು.

ಕ್ರೂಸ್ ಹಡಗುಗಳ ಮಾತು ಇನ್ನೂ ಹತ್ತಿರದ್ದು. 1986ರಲ್ಲಿ ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಆರಂಭವಾದ ಮೇಲಂತೂ ಈ ಉದ್ಯೋಗ ನಮ್ಮ ಕಡೆಯ ಮನೆಗಳಿಗೆ ಚೆನ್ನಾಗಿ ಪರಿಚಯವಾಯಿತು. ಹಡಗಿನಲ್ಲಿ ಬಡಿಸುವವರ, ಕೋಣೆ ಶುಚಿ ಮಾಡುವವರ ಆದಾಯದಲ್ಲಿ ಟಿಪ್ಸಿನ ಪಾಲು ದೊಡ್ಡದು. ಹಿಂದೆ ಪ್ರಯಾಣದ ಕೊನೆಯ ರಾತ್ರಿ ಪ್ರಯಾಣಿಕರು ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಿದ್ದರು. ಈಗ ಅಮೆರಿಕದ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಖಾತೆಗೇ ಹಾಕುತ್ತವೆ. ಕೆಲವು ಪ್ರಯಾಣಿಕರು ಕೌಂಟರಿಗೆ ಹೋಗಿ ಅದನ್ನು ತೆಗೆಸಿಬಿಡುತ್ತಾರೆ. ಹಾಗೆ ತೆಗೆಸುವಾಗ ನಷ್ಟ ಯಾರಿಗೆ ಎಂದು ಅವರು ಯೋಚಿಸಬೇಕಿತ್ತು.

ಇನ್ನು ನಮ್ಮೂರಿನ ಹೋಟೆಲು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಕಟ್ಟಿದ್ದು, ರಾಮ ನಾಯಕರು 1942ರಲ್ಲಿ ಮುಂಬೈಯ ಮಾಟುಂಗದಲ್ಲಿ ಬೋರ್ಡಿಂಗ್ ತೆರೆದದ್ದು ಎಲ್ಲರಿಗೂ ಗೊತ್ತು. ಆ ಹೋಟೆಲುಗಳ ಜೀವಾಳವಾಗಿದ್ದವರು ಘಟ್ಟದ ಕೆಳಗಿನಿಂದ ಹೋದ ಹುಡುಗರು: ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಅದೃಷ್ಟವಿದ್ದರೆ ಗಲ್ಲೆಯಲ್ಲಿ ಕೂರುವ ಯೋಗ. ಊಟ ಮತ್ತು ಮಲಗುವ ಜಾಗ ಸಂಬಳದ ಭಾಗ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದವರು ಮುಂಬೈಯಲ್ಲಿ ಎಷ್ಟೋ ಮಂದಿ. ಗಿರಾಕಿ ಸೋಂಪಿನ ತಟ್ಟೆಯಲ್ಲಿ ಬಿಟ್ಟುಹೋದ ಚಿಲ್ಲರೆ ಅವರ ಪುಸ್ತಕಕ್ಕೆ, ಊರಿನ ಬಸ್ ಖರ್ಚಿಗೆ ಆಗುತ್ತಿತ್ತು. ಆದರೆ ಅಮೆರಿಕದಂತೆ ಟಿಪ್ಸನ್ನು ಕನಿಷ್ಠ ವೇತನದಲ್ಲಿ ಮುರಿದುಕೊಳ್ಳಲು ನಮ್ಮ ಕಾನೂನು ಬಿಡಲಿಲ್ಲ. ಇದು ಸಣ್ಣ ವಿಷಯವಲ್ಲ. ಶೇಕಡಾವಾರು ಲೆಕ್ಕ ನಮ್ಮಲ್ಲಿ ಕಡ್ಡಾಯವಾಗದೆ, ಹತ್ತು ಇಪ್ಪತ್ತು ರೂಪಾಯಿಯ ಖುಷಿಯಾಗಿಯೇ ಉಳಿಯಲು ಇದೂ ಒಂದು ಕಾರಣ ಎಂದು ನನ್ನ ಭಾವನೆ.

ದೊಡ್ಡ ರೆಸ್ಟೋರೆಂಟುಗಳು ಬಿಲ್ಲಿಗೇ ಸೇವಾ ಶುಲ್ಕ ಸೇರಿಸತೊಡಗಿದಾಗ ಜಗಳ ಶುರುವಾಯಿತು. ಅದು ಗಿರಾಕಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಕೇಂದ್ರ ಸರ್ಕಾರ 2017ರಲ್ಲಿ ಹೇಳಿತು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ತಾನಾಗಿ ಸೇರಿಸುವಂತೆಯೇ ಇಲ್ಲ ಎಂದು ಮಾರ್ಗಸೂಚಿ ತಂದಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರದ ಪರ ತೀರ್ಪು ಕೊಟ್ಟಿತು, ಸಂಘಗಳು ಮೇಲ್ಮನವಿ ಸಲ್ಲಿಸಿದವು. ಬಿಲ್ಲಿನಲ್ಲಿ ಸೇವಾ ಶುಲ್ಕ ಕಂಡರೆ ತೆಗೆಯಲು ಹೇಳಬಹುದು, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೆಗೆಸಿದ ಹಣದಲ್ಲಿ ಸ್ವಲ್ಪವನ್ನು ಬಡಿಸಿದವನ ಕೈಗೆ ಕೊಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಈಗ ನನಗೆ ಹೆಚ್ಚು ಚಿಂತೆಯಾಗಿರುವುದು ಕ್ಯೂಆರ್ ಕೋಡಿನದ್ದು. ಊಟ ಮಾಡಿದವರು ಕೌಂಟರಿನಲ್ಲಿ ಸ್ಕ್ಯಾನ್ ಮಾಡಿ ಬಿಲ್ಲಿನಷ್ಟೇ ಹಣ ಹಾಕಿ ಹೊರಡುತ್ತಾರೆ. ಚಿಲ್ಲರೆ ವಾಪಸ್ ಬರುವ ಪ್ರಶ್ನೆಯೇ ಇಲ್ಲ, ಸೋಂಪಿನ ತಟ್ಟೆ ಖಾಲಿ. ಇಪ್ಪತ್ತು ಸೇರಿಸಿ ಕಳಿಸಿದರೂ ಅದು ಹೋಗುವುದು ಮಾಲೀಕರ ಖಾತೆಗೆ. 2016ರಲ್ಲಿ ಐಟಿಸಿ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲ್ ನೌಕರರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆ, ಅದು ಸಂಬಳವಲ್ಲ ಎಂದಿತ್ತು. ಆದರೆ ಅದು ಆದಾಯ ತೆರಿಗೆಯ ಪ್ರಕರಣದಲ್ಲಿ ಬಂದ ಮಾತು, ಟಿಪ್ಸ್ ಹಂಚುವ ಕಾನೂನಲ್ಲ. ಬ್ರಿಟನ್ನಿನಲ್ಲಿ ನೇರ ಕಾನೂನೇ ಇದೆ: 2024ರ ಅಕ್ಟೋಬರ್ 1ರಿಂದ ಅಲ್ಲಿ ಟಿಪ್ಸ್, ಸೇವಾ ಶುಲ್ಕ ಎಲ್ಲವೂ ಪೂರ್ತಿ ನೌಕರರಿಗೇ ಸೇರಬೇಕು, ಗಿರಾಕಿ ಕೊಟ್ಟ ಮುಂದಿನ ತಿಂಗಳು ಮುಗಿಯುವುದರೊಳಗೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಕೌಂಟರಿನಲ್ಲಿ ನೌಕರರ ಹೆಸರಿನಲ್ಲೇ ಇನ್ನೊಂದು ಕ್ಯೂಆರ್ ಕೋಡ್ ಅಂಟಿಸಿ, ಬಂದದ್ದನ್ನು ಅಡುಗೆಯವರೂ ಕ್ಲೀನರ್ ಹುಡುಗರೂ ಸೇರಿ ವಾರಕ್ಕೊಮ್ಮೆ ಹಂಚಿಕೊಳ್ಳುವ ಏರ್ಪಾಟನ್ನು ಯಾವ ಮಾಲೀಕರೂ ನಾಳೆಯೇ ಮಾಡಬಹುದು. ಅಲ್ಲಿಯವರೆಗೆ ಜೇಬಿನಲ್ಲಿ ಒಂದಿಷ್ಟು ಹತ್ತರ, ಇಪ್ಪತ್ತರ ನೋಟು ಇಟ್ಟುಕೊಂಡೇ ಹೋಟೆಲಿಗೆ ಹೋಗಿ.